ಗೇಟಿನ ಒಳಗಿನ ನೋಟಿಸ್ ಬೋರ್ಡು

ದೇಶದ ಮೊದಲ ಮಹಾಚುನಾವಣೆಗೆಂದು 1951ರಲ್ಲಿ ಮುಂಬೈನ ವಿಕ್ರೋಳಿಯ ಗೋದ್ರೇಜ್ ಕಾರ್ಖಾನೆಯಿಂದ 12 ಲಕ್ಷಕ್ಕೂ ಹೆಚ್ಚು ಉಕ್ಕಿನ ಮತಪೆಟ್ಟಿಗೆಗಳು ಹೊರಟವು. ಅಷ್ಟೊಂದು ಯಾಕೆ? ಆಗ ಮತಗಟ್ಟೆಯಲ್ಲಿ ಒಬ್ಬೊಬ್ಬ ಅಭ್ಯರ್ಥಿಗೂ ಬೇರೆಬೇರೆ ಪೆಟ್ಟಿಗೆ ಇಡುತ್ತಿದ್ದರು. ಮೇಲೆ ಚಿಹ್ನೆ ಅಂಟಿಸಿರುತ್ತಿತ್ತು: ಜೋಡೆತ್ತು, ಗುಡಿಸಲು, ದೀಪ. ಮತದಾರ ತನಗೆ ಬೇಕಾದ ಚಿಹ್ನೆ ನೋಡಿ ಚೀಟಿ ಹಾಕಿದರಾಯಿತು. ಆ ವರ್ಷದ ಜನಗಣತಿಯ ಪ್ರಕಾರ ಓದುಬರಹ ಬಲ್ಲವರು ನೂರಕ್ಕೆ 18 ಮಂದಿ ಮಾತ್ರ. ಸುಕುಮಾರ್ ಸೇನ್ ನೇತೃತ್ವದ ಚುನಾವಣಾ ಆಯೋಗ ಜನರಿಗೆ ಮೊದಲು ಅಕ್ಷರ ಕಲಿತು ಬನ್ನಿ ಎನ್ನಲಿಲ್ಲ. ಹುಡುಕುವ ಕಷ್ಟವನ್ನು ತಾನೇ ಹೊತ್ತುಕೊಂಡಿತು.

ಕೆಲಸಗಾರರ ಸವಲತ್ತುಗಳ ವಿಷಯದಲ್ಲಿ ಮಾತ್ರ ಆ ಹುಡುಕುವ ಕಷ್ಟ ಅವರ ತಲೆಯ ಮೇಲೇ ಉಳಿದಿದೆ. ಇವತ್ತು ಅದೇ ವಿಕ್ರೋಳಿಯಲ್ಲಿ, ಅಥವಾ ಪಕ್ಕದ ಕಾಂಜೂರು, ಭಾಂಡುಪಿನಲ್ಲಿ ದುಡಿಯುವ ಯಾರನ್ನಾದರೂ ಕೇಳಿ. ಪಗಾರದ ಚೀಟಿಯಲ್ಲಿ ಪಿಎಫ್ ಎಷ್ಟು ಮುರಿದಿದ್ದಾರೆ ಎಂದು ಪೈಸೆ ಸಮೇತ ಹೇಳುತ್ತಾರೆ. ಆ ಪಿಎಫ್ ಜೊತೆಗೆ ತಮ್ಮ ಹೆಸರಿನಲ್ಲಿ ಒಂದು ಜೀವವಿಮೆಯೂ ಇದೆ ಎಂದರೆ ಹುಬ್ಬೇರಿಸುತ್ತಾರೆ. ಇದು ಇಡಿಎಲ್‌ಐ ಎಂಬ ಯೋಜನೆ, 1976ರಿಂದಲೂ ಇದೆ. ಕೆಲಸದಲ್ಲಿರುವಾಗಲೇ ತೀರಿಕೊಂಡರೆ ಮನೆಯವರಿಗೆ 7 ಲಕ್ಷ ರೂಪಾಯಿಯವರೆಗೆ ಸಿಗುತ್ತದೆ. ಕಂತು ಕಟ್ಟುವವರು ಮಾಲೀಕರು, ಕೆಲಸಗಾರನ ಪಗಾರದಿಂದ ಒಂದು ರೂಪಾಯಿಯೂ ಹೋಗುವುದಿಲ್ಲ. ಗೊತ್ತಾಗದೇ ಇರಲು ಅದೂ ಒಂದು ಕಾರಣವಿರಬೇಕು. ಮುರಿದುಕೊಂಡ ದುಡ್ಡಿನ ಮೇಲೆ ಎಲ್ಲರ ಕಣ್ಣಿರುತ್ತದೆ, ಮುರಿಯದೆ ಸಿಕ್ಕಿದ್ದು ಕಣ್ಣಿಗೇ ಬೀಳುವುದಿಲ್ಲ.

ಕಾರ್ಮಿಕರ ರಾಜ್ಯ ವಿಮೆ, ಅಂದರೆ ಇಎಸ್‌ಐ ಕತೆಯೂ ಹೀಗೇ. ಅದೆಂದರೆ ಮುಲುಂಡಿನ ಆಸ್ಪತ್ರೆ, ಉದ್ದನೆಯ ಸಾಲು, ಒಂದಿಷ್ಟು ಗುಳಿಗೆ ಎಂದು ತಿಳಿದವರೇ ಹೆಚ್ಚು. ಕಾಯಿಲೆ ಬಿದ್ದು ಪಗಾರ ನಿಂತಾಗ, ಸರ್ಟಿಫಿಕೇಟ್ ಕೊಟ್ಟರೆ ವರ್ಷದಲ್ಲಿ 91 ದಿನಗಳವರೆಗೆ ಪಗಾರದ ಶೇ. 70ರಷ್ಟು ಹಣ ಕೊಡುತ್ತದೆ ಎಂಬುದನ್ನು ಬಲ್ಲವರು ಕಡಿಮೆ. ಗೊತ್ತಿಲ್ಲದವರು ಅದೇ ಹೊತ್ತಿಗೆ ಬಡ್ಡಿ ಸಾಲಕ್ಕೆ ಓಡುತ್ತಾರೆ.

ಐನೂರು ಜನರಿಗಿಂತ ಕಡಿಮೆಯಿಲ್ಲದ ಕಾರ್ಖಾನೆಯಲ್ಲಿ ಕಲ್ಯಾಣಾಧಿಕಾರಿ ಇರಲೇಬೇಕೆಂದು 1948ರ ಕಾರ್ಖಾನೆ ಕಾಯ್ದೆ ಹೇಳಿತು. ಕೇಳಿ ತಿಳಿಯಲು ಒಬ್ಬ ಮನುಷ್ಯ ಇರಲಿ ಎಂದೇ ಅಲ್ಲವೇ? ಈಗಿನ ಎಚ್‌ಆರ್ ವಿಭಾಗಗಳು ಒಂದು ಆ್ಯಪ್ ತೋರಿಸಿ, ಎಲ್ಲ ಅದರಲ್ಲೇ ಇದೆ ಎನ್ನುತ್ತವೆ. ಇದೆ, ನಿಜ. ಏನಿದೆ ಎಂದು ಮೊದಲೇ ಗೊತ್ತಿದ್ದವರಿಗೆ ಸಿಗುತ್ತದೆ. ಗಂಡ ತೀರಿಕೊಂಡವಳು ಪಿಎಫ್‌ಗೆ 20, ಪಿಂಚಣಿಗೆ 10-ಡಿ, ವಿಮೆಗೆ 5-ಐಎಫ್ ಎಂದು ನಂಬರು ಹೇಳಿ ಫಾರಂ ಕೇಳಬೇಕಾಗಿದ್ದ ಕಾಲವಿತ್ತು. ಮೂರನ್ನೂ ಸೇರಿಸಿದ ಒಂದೇ ಅರ್ಜಿ ಈಗ ಬಂದಿದೆ. ಪಿಎಫ್ ಇಲಾಖೆಯನ್ನು ಬೈಯುವವರು ಇದನ್ನೂ ಹೇಳಬೇಕು.

ಆದರೂ ಒಂದು ತೊಡಕು ಉಳಿಯುತ್ತದೆ. ವಿಮೆಯ ಹಣ ಕೇಳಬೇಕಾದವರು ಕಾರ್ಖಾನೆಯ ಗೇಟು ದಾಟಿದವರೇ ಅಲ್ಲ. ಪಾರ್ಕ್‌ಸೈಟಿನ ಗುಡ್ಡದ ಖೋಲಿಯಲ್ಲೋ, ಕನ್ನಮ್‌ವಾರ್ ನಗರದಲ್ಲೋ, ಎಷ್ಟೋ ಸಲ ಉಡುಪಿ, ಕಲಬುರಗಿ ಕಡೆಯ ಊರಿನಲ್ಲೋ ಇರುವ ಹೆಂಡತಿ, ತಾಯಿ ಅವರು. ಒಳಗಿನ ನೋಟಿಸ್ ಬೋರ್ಡಿನಲ್ಲಿ ಇಂಗ್ಲಿಷಿನಲ್ಲಿ ಅಂಟಿಸಿದ್ದು ಅವರಿಗೆ ಕಾಣುವುದು ಹೇಗೆ? ಕೆಲಸಕ್ಕೆ ಸೇರಿದ ದಿನವೇ ಒಂದು ಹಾಳೆ, ಮರಾಠಿಯಲ್ಲೋ ಕನ್ನಡದಲ್ಲೋ ಅವರವರ ಮನೆಯ ಭಾಷೆಯಲ್ಲಿ, ಅಂಚೆಯಲ್ಲಿ ಆ ಮನೆಗೇ ಹೋಗಲಿ. ನಾಮಿನಿ ಯಾರು, ಏನೇನು ಸಿಗುತ್ತದೆ, ಯಾರಿಗೆ ಫೋನ್ ಮಾಡಬೇಕು, ಅಷ್ಟು ಬರೆದರೆ ಸಾಕು. ದೀಪಾವಳಿ ಬೋನಸ್ಸಿನ ಜೊತೆ ಹಂಚುವ ಮಿಠಾಯಿ ಡಬ್ಬಿಯ ಖರ್ಚೂ ಆಗಲಿಕ್ಕಿಲ್ಲ.