ಹಳೆಯ ಲಾರಿಯ ಎಂಜಿನ್ ಮತ್ತು ಗೃಹಸ್ಥನ ವಿವೇಕ

ಧಾನ್ಯ, ಬೆಲ್ಲ, ಹತ್ತಿ, ಸಿಮೆಂಟುಗಳ ವ್ಯಾಪಾರದಲ್ಲಿ ತೊಡಗಿರುವ ನಮ್ಮ ಅನೇಕ ಕುಟುಂಬಗಳಲ್ಲಿ ಇಪ್ಪತ್ತೈದು ಮೂವತ್ತು ವರ್ಷ ದುಡಿದ ಲಾರಿಯೊಂದು ಇಂದಿಗೂ ಇರುವುದುಂಟು. ಅದರ ಎಂಜಿನ್ ಬೋರಿಗೆ ಬಂದಾಗ ಯಜಮಾನನ ಮುಂದೆ ಮೂರು ಮಾರ್ಗಗಳು ತೆರೆದುಕೊಳ್ಳುತ್ತವೆ. ಇದ್ದ ಎಂಜಿನ್ನನ್ನೇ ಬಿಚ್ಚಿಸಿ ಲೈನರ್, ಪಿಸ್ಟನ್, ರಿಂಗು, ಬೇರಿಂಗುಗಳನ್ನು ಹೊಸದಾಗಿ ಹಾಕಿಸುವುದು ಒಂದು. ಹೆಚ್ಚು ಶಕ್ತಿಯ ಬೇರೊಂದು ಎಂಜಿನ್ ಕೂಡಿಸುವುದು ಇನ್ನೊಂದು. ಲಾರಿಯನ್ನೇ ತೆಗೆದು ಹೊಸದನ್ನು ಕೊಳ್ಳುವುದು ಮೂರನೆಯದು. ಇದನ್ನು ಜಮಾಖರ್ಚಿನ ಪ್ರಶ್ನೆಯೆಂದು ಎಣಿಸುವುದೇ ರೂಢಿ. ಆ ಲೆಕ್ಕದಲ್ಲಿ ಬರೆಯದೆ ಉಳಿಯುವ ಬಾಬತ್ತುಗಳನ್ನು ವಿಚಾರಿಸುವುದು ಈ ಲೇಖನದ ಉದ್ದೇಶ.

ಮೊದಲಿಗೆ ಒಂದು ಆಕ್ಷೇಪ. ಹನ್ನೆರಡನೆಯ ಶತಮಾನದ ಹೇಮಚಂದ್ರಾಚಾರ್ಯರು ಯೋಗಶಾಸ್ತ್ರದಲ್ಲಿ ಶ್ರಾವಕನು ಬಿಡಬೇಕಾದ 15 ಜೀವಿಕೆಗಳನ್ನು ಹೇಳುವಾಗ ಗಾಡಿಯಿಂದ ಬದುಕುವುದನ್ನೂ ಬಾಡಿಗೆಗೆ ಹೊರೆ ಸಾಗಿಸುವುದನ್ನೂ ಸೇರಿಸಿದ್ದಾರೆ. ಹಾಗಾದರೆ ಲಾರಿಯ ಮಾತೇ ಏಕೆ ಎಂದು ಕೇಳಬಹುದು. ಆ ನಿಷೇಧದ ಹಿಂದಿದ್ದುದು ಮುಖ್ಯವಾಗಿ ಎತ್ತು, ಕತ್ತೆ, ಒಂಟೆಗಳ ಸಂಕಟ. ಇಂದು ನೊಗದಡಿಯ ಎತ್ತು ಇಲ್ಲ. ಆದರೆ ಹೊರೆಯ ನೋವು ಇಲ್ಲವಾಗಿಲ್ಲ. ಅದು ಚಾಲಕನ ಮೇಲೆ, ಕ್ಲೀನರ್ ಹುಡುಗನ ಮೇಲೆ, ರಸ್ತೆಯ ಅಂಚಿನಲ್ಲಿ ವಾಸಿಸುವವರ ಶ್ವಾಸಕೋಶದ ಮೇಲೆ ಸರಿದಿದೆ. ಉದ್ಯೋಗೀ ಹಿಂಸೆ ಗೃಹಸ್ಥನಿಗೆ ಪೂರ್ಣವಾಗಿ ತಪ್ಪದು ಎಂಬ ಮಾತು ಅದನ್ನು ತಗ್ಗಿಸುವ ಹೊಣೆಯಿಂದ ನಮ್ಮನ್ನು ಬಿಡಿಸುವುದಿಲ್ಲ.

ಆದುದರಿಂದ ನಿರ್ಣಯಕ್ಕೆ ಮೊದಲು ಪರೀಕ್ಷೆ ಆಗಬೇಕು. ಹೊಗೆ ಕಪ್ಪಾಗಿದ್ದರೆ ಡೀಸೆಲ್ ಪೂರ್ಣವಾಗಿ ಉರಿಯುತ್ತಿಲ್ಲ; ಗಾಳಿಯ ಫಿಲ್ಟರು ಕಟ್ಟಿರಬಹುದು, ನಾಜಲ್ ಅಥವಾ ಪಂಪು ಕೆಟ್ಟಿರಬಹುದು, ಇಲ್ಲವೇ ಹೊರೆ ಮಿತಿಮೀರಿರಬಹುದು. ಹೊಗೆ ನೀಲಿಯಾಗಿದ್ದರೆ ಆಯಿಲ್ ಉರಿಯುತ್ತಿದೆ. ರಿಂಗು, ಲೈನರುಗಳು ಸವೆದಿರುವ ಸಂಭವ ಹೆಚ್ಚು. ಬಿಸಿಯಾದ ಮೇಲೂ ಬಿಳಿ ಹೊಗೆ ನಿಲ್ಲದಿದ್ದರೆ ನೀರು ಒಳಗೆ ಸೇರುತ್ತಿರಬಹುದು. ಪ್ರತಿಯೊಂದು ಸಿಲಿಂಡರಿನ ಒತ್ತಡವನ್ನು ಅಳೆಯಿಸಿದರೆ ಚಿತ್ರ ಇನ್ನಷ್ಟು ಸ್ಪಷ್ಟವಾಗುತ್ತದೆ. ಕೆಲವು ನೂರು ರೂಪಾಯಿಯ ಫಿಲ್ಟರಿನ ದೋಷಕ್ಕೆ ಲಕ್ಷಗಟ್ಟಲೆ ಸಾಲ ಮಾಡುವುದು ಅವಿವೇಕ. ಪರೀಕ್ಷಿಸದೆ ಹಾಗೆಯೇ ಓಡಿಸುವುದು ಪ್ರಮಾದ. ಪ್ರಮಾದದಿಂದ ಆಗುವ ಪ್ರಾಣಹಾನಿಯನ್ನೇ ನಮ್ಮ ಆಚಾರ್ಯರು ಹಿಂಸೆಯೆಂದು ಕರೆದರು.

ಹಳೆಯ ಎಂಜಿನ್ನನ್ನು ದುರಸ್ತಿ ಮಾಡಿಸುವುದರಲ್ಲಿ ಅಪರಿಗ್ರಹದ ಗುಣವಿದೆ. ಎರಕದ ದೊಡ್ಡ ಬ್ಲಾಕು ಹಾಗೆಯೇ ಉಳಿಯುತ್ತದೆ. ಹೊಸ ಅದಿರು ತೆಗೆಯುವ, ಕಬ್ಬಿಣ ಕರಗಿಸುವ ಆರಂಭ ಅಷ್ಟರಮಟ್ಟಿಗೆ ತಪ್ಪುತ್ತದೆ. ಆದರೆ ಅದಕ್ಕೊಂದು ಮಿತಿಯೂ ಇದೆ. 1990ರ ದಶಕದ ಲಾರಿಯ ಎಂಜಿನ್ ಎಷ್ಟೇ ಚೆನ್ನಾಗಿ ಬೋರ್ ಆದರೂ ತಾನು ಹುಟ್ಟಿದ ಕಾಲದ ಶುದ್ಧಿಯನ್ನು ಮೀರಲಾರದು. 2020ರ ಏಪ್ರಿಲ್ 1ರಿಂದ ಜಾರಿಯಾದ ಬಿಎಸ್-6 ಮಾನದಂಡದ ಲಾರಿಗಳಲ್ಲಿ ಮಸಿಯ ಸೂಕ್ಷ್ಮ ಕಣಗಳನ್ನು ತಡೆಯುವ ಸೋಸುಕವಿರುತ್ತದೆ, ಹಳೆಯದರಲ್ಲಿ ಇಲ್ಲ. ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ವಿಭಾಗವು 2012ರಲ್ಲಿ ಡೀಸೆಲ್ ಎಂಜಿನ್ನಿನ ಹೊಗೆಯನ್ನು ಮನುಷ್ಯರಲ್ಲಿ ಕ್ಯಾನ್ಸರ್ ಉಂಟುಮಾಡುವ ವಸ್ತುಗಳ ವರ್ಗಕ್ಕೆ ಸೇರಿಸಿತು. ಇದನ್ನು ತಿಳಿದ ಮೇಲೆ ಹೊಗೆಯನ್ನು ಅಲ್ಪದೋಷವೆನ್ನಲು ಸಾಧ್ಯವಿಲ್ಲ.

ಎರಡನೆಯ ಮಾರ್ಗದಲ್ಲಿ ಮೋಹ ಹೆಚ್ಚು. ಶಕ್ತಿ ಹೆಚ್ಚಿದರೆ ಘಾಟಿಯಲ್ಲಿ ಲಾರಿ ಸಲೀಸಾಗಿ ಏರೀತು ಎಂಬುದು ನಿಜ. ಆದರೆ ಶಿರಾಡಿ ಘಾಟಿಯನ್ನು ಏರಿದ ಲಾರಿ ಇಳಿಯಲೂ ಬೇಕಲ್ಲವೇ? ಇಳಿಯುವಾಗ ಕಾಯುವುದು ಬ್ರೇಕು. ಬ್ರೇಕು, ಕ್ಲಚ್ಚು, ಗೇರ್‌ಬಾಕ್ಸು, ರೇಡಿಯೇಟರು, ಚಾಸಿ ಎಲ್ಲವೂ ಹಳೆಯ ಶಕ್ತಿಗೆ ತಕ್ಕಂತೆ ರಚಿತವಾದವು. ಹೊಸ ಭಾರೀ ವಾಹನಗಳಿಗೆ 2015ರಲ್ಲಿ ಕಡ್ಡಾಯವಾದ ಎಬಿಎಸ್ ಬ್ರೇಕು ಎಂಜಿನ್ ಬದಲಿಸಿದ ಮಾತ್ರಕ್ಕೆ ಬರುವುದಿಲ್ಲ. ಮೋಟಾರು ವಾಹನ ಕಾಯ್ದೆ, 1988ರ 52ನೆಯ ಕಲಮಿನಂತೆ ಇಂಥ ಮಾರ್ಪಾಡಿಗೆ ನಿರ್ಬಂಧವಿದೆ. ಎಂಜಿನ್ ಸಂಖ್ಯೆ ನೋಂದಣಿ ಪತ್ರಕ್ಕೆ ತಾಳೆಯಾಗದಿದ್ದರೆ ಅಪಘಾತವಾದಾಗ ವಿಮೆಯೂ ತಕರಾರಿಗೆ ಸಿಲುಕಬಹುದು. ಎಲ್ಲಕ್ಕೂ ಮಿಗಿಲಾಗಿ, ಎಳೆಯುವ ಶಕ್ತಿ ಬಂದೊಡನೆ ಇನ್ನೆರಡು ಟನ್ನು ಹೇರೋಣವೆಂಬ ಮನಸ್ಸು ಹುಟ್ಟುತ್ತದೆ. ತತ್ತ್ವಾರ್ಥಸೂತ್ರದ ಏಳನೆಯ ಅಧ್ಯಾಯವು ಅಹಿಂಸಾಣುವ್ರತದ ಐದು ಅತಿಚಾರಗಳಲ್ಲಿ ಅತಿಭಾರಾರೋಪಣವನ್ನು ಎಣಿಸಿದೆ. ಮಿತಿಮೀರಿ ಹೇರಿದ ಲಾರಿಯ ಚುಕ್ಕಾಣಿಯನ್ನು ಇಳಿಜಾರಿನಲ್ಲಿ ಹಿಡಿದವನ ಎದೆಯ ಮೇಲೆಯೇ ಆ ಭಾರವಿರುತ್ತದೆ. ಮಾಲು ಹೇರಿಸಿದವನು ಆ ಹೊತ್ತಿಗೆ ಗಾದಿಯ ಮೇಲೆ ಕುಳಿತಿರುತ್ತಾನೆ.

ಇನ್ನು ಹೊಸದನ್ನು ಕೊಳ್ಳುವ ಮಾರ್ಗ. ಇಲ್ಲಿ ನಾವು ಕೇಳಿಕೊಳ್ಳದ ಪ್ರಶ್ನೆಯೆಂದರೆ, ಹಳೆಯದು ಎಲ್ಲಿಗೆ ಹೋಯಿತು ಎಂಬುದು. ಹೊಗೆಯುಗುಳುವ ಲಾರಿಯನ್ನು ಕಡಮೆ ಬಂಡವಾಳದ ಇನ್ನೊಬ್ಬನಿಗೆ ಮಾರಿದರೆ ಹೊಗೆ ನಮ್ಮ ಖಾತೆಯಿಂದ ಅವನ ಖಾತೆಗೆ ವರ್ಗವಾಯಿತೇ ಹೊರತು ಲೋಕದಲ್ಲಿ ಕಡಮೆಯಾಗಲಿಲ್ಲ. ಬ್ಲಾಕಿನ ಬಿರುಕನ್ನು ಹೇಳದೆ ಮಾರಿದರೆ ಸತ್ಯಾಣುವ್ರತಕ್ಕೂ ಭಂಗ. ಅದನ್ನು ಬಸದಿಯ ಟ್ರಸ್ಟಿಗೋ ಗೋಶಾಲೆಗೋ ಕೊಟ್ಟು ದಾನವೆನಿಸಿಕೊಳ್ಳುವುದು ಇನ್ನೂ ಅನುಚಿತ; ದುರಸ್ತಿಯ ಖರ್ಚು, ಅಪಘಾತದ ಹೊಣೆ ಎರಡನ್ನೂ ಧರ್ಮಸಂಸ್ಥೆಯ ಹೆಗಲಿಗೆ ಏರಿಸಿದಂತೆ. ಟ್ರಸ್ಟಿನ ವಿಶ್ವಸ್ತರು ಇಂಥ ದಾನವನ್ನು ಸ್ವೀಕರಿಸುವ ಮುನ್ನ ಮೆಕ್ಯಾನಿಕನ ವರದಿಯನ್ನು ಕೇಳಿದರೆ ದಾತಾರನಿಗೆ ಅವಮಾನವೇನೂ ಇಲ್ಲ.

ಮೂರ್ಛೆಯೇ ಪರಿಗ್ರಹವೆಂಬುದನ್ನು ಇಲ್ಲಿ ಎರಡೂ ಬದಿಗೆ ಅನ್ವಯಿಸಬೇಕು. ನೆರೆಯವನು ಕೊಂಡನೆಂದು ಹೊಸ ಲಾರಿಗೆ ಆಸೆಪಡುವುದು ಮೂರ್ಛೆ. ತಂದೆಯ ಕಾಲದ್ದೆಂಬ ಅಭಿಮಾನದಿಂದಲೋ ಹಣ ಬಿಚ್ಚಲಾರದೆಯೋ ಅಪಾಯದ ಲಾರಿಯನ್ನು ಓಡಿಸುತ್ತ ಅದಕ್ಕೆ ಸರಳಜೀವನವೆಂದು ಹೆಸರಿಡುವುದೂ ಮೂರ್ಛೆಯೇ.

ನನ್ನ ತಿಳಿವಿಗೆ ತೋಚುವ ನಿರ್ಣಯ ಹೀಗಿದೆ. ಊರಿನ ಆಸುಪಾಸಿನಲ್ಲಿ, ಗೋದಾಮಿನಿಂದ ಮಾರುಕಟ್ಟೆಗೆ ಅಥವಾ ಗೋಶಾಲೆಗೆ ಮೇವು ತರಲು ತಿಂಗಳಿಗೆ ಕೆಲವೇ ದಿನ ಓಡುವ ಲಾರಿಯಾದರೆ, ಚಾಸಿ ಮತ್ತು ಬ್ರೇಕುಗಳು ದೃಢವಾಗಿದ್ದು ಎಫ್.ಸಿ. ನ್ಯಾಯವಾಗಿ ಸಿಗುವಂತಿದ್ದರೆ, ಇದ್ದ ಎಂಜಿನ್ನನ್ನು ಅದೇ ಮಾದರಿಯ ಭಾಗಗಳಿಂದ ಸರಿಪಡಿಸುವುದು ಯುಕ್ತ. ದಿನವೂ ದೂರದ ಹಾದಿ, ಘಾಟಿ, ಜನನಿಬಿಡ ಪಟ್ಟಣಗಳಲ್ಲಿ ಓಡಬೇಕಾದರೆ ಬದಲಿಸುವುದೇ ಲೇಸು. ಆಗ ಹಳೆಯದನ್ನು ಮರಳಿ ರಸ್ತೆಗೆ ಮಾರದೆ, 2021ರ ನಿಯಮಗಳ ಪ್ರಕಾರ ನೋಂದಾಯಿತವಾದ ಗುಜರಿ ಘಟಕಕ್ಕೆ ಒಪ್ಪಿಸಿ ಪ್ರಮಾಣಪತ್ರ ಪಡೆಯಬೇಕು. ಮಾರಿದ್ದಕ್ಕಿಂತ ಹಣ ಕಡಮೆ ಬಂದೀತು. ಆ ವ್ಯತ್ಯಾಸವನ್ನು ನಷ್ಟದ ಬಾಬಿಗೆ ಬರೆಯದೆ ಅಣುವ್ರತದ ವೆಚ್ಚವೆಂದು ಬರೆದುಕೊಳ್ಳುವಷ್ಟು ಉದಾರತೆ ವ್ಯಾಪಾರಿಯಲ್ಲಿರಬೇಕು.

ಯಾವ ಮಾರ್ಗವನ್ನು ಹಿಡಿದರೂ, ಕೊನೆಯ ಮಾತನ್ನಾಡುವ ಮುನ್ನ ಆ ಲಾರಿಯ ಚಾಲಕನನ್ನು ಕರೆದು ಕೂರಿಸಿ ಕೇಳುವುದು ಒಳ್ಳೆಯದು. ಅದರ ಬ್ರೇಕು ಎಷ್ಟು ಹಿಡಿಯುತ್ತದೆ, ಹೊಗೆ ಎಷ್ಟು ಒಳಗೆ ಬರುತ್ತದೆ ಎಂಬುದು ನಮ್ಮ ಲೆಕ್ಕದ ಪುಸ್ತಕಕ್ಕಿಂತ ಅವನಿಗೆ ಚೆನ್ನಾಗಿ ಗೊತ್ತು.