ಕೆಲಸ ಕೇಳುವದು ಭಿಕ್ಷೆಯೋ, ಹಕ್ಕೋ?



ಜೂನ್ 1ನೇ ತಾರೀಖು ಬಂತೆಂದರೆ ಭಟ್ಕಳ, ಹೊನ್ನಾವರ, ಕುಮಟಾ ಈ ಮೂರು ತಾಲೂಕುಗಳ ಯಂತ್ರದ ದೋಣಿಗಳೆಲ್ಲಾ ದಡ ಸೇರುತ್ತವೆ. ಮೀನುಗಳು ಮರಿಮಾಡುವ ಕಾಲವಾದದರಿಂದ ಜುಲೈ 31ರ ವರೆಗೆ, ಅಂದರೆ 61 ದಿವಸ, ಅವು ಕಡಲಿಗಿಳಿಯಬಾರದೆಂದು ಸರಕಾರದ ಅಪ್ಪಣೆಯುಂಟು. ಅಪ್ಪಣೆಯು ನ್ಯಾಯವಾದದ್ದೇ, ಬಿತ್ತುವ ಬೀಜವನ್ನು ಉಂಡವನಿಗೆ ಮುಂದಿನ ವರುಷ ಬೆಳೆ ಎಲ್ಲಿಂದ ಬಂದೀತು? ಆದರೆ ದೋಣಿಗೆ ಒಡೆಯನಿರುವಂತೆ ಅದರಲ್ಲಿ ಬಲೆಯೆಳೆಯುವ ಕೂಲಿಯವನೂ ಇದ್ದಾನೆ. ಮೀನಿಗೆ ವಿಶ್ರಾಂತಿಯನ್ನು ಗೊತ್ತುಮಾಡಿದ ರಾಜ್ಯವು ಆ 61 ದಿವಸ ಅವನ ಕೈಗೆ ಕೆಲಸವನ್ನು ಕೊಡಲು ಬಾಧ್ಯವಾಗಿದೆಯೋ? ಅವನು ಕೆಲಸ ಕೇಳುವದು ಭಿಕ್ಷೆಯೋ, ಹಕ್ಕೋ? ಇದನ್ನು ಸ್ವಲ್ಪ ವಿಚಾರಿಸೋಣ.

ಕೆಲವರು ಹೇಳುವದೇನಂದರೆ, ದುಡಿಯಲು ಮನಸ್ಸುಳ್ಳವನಿಗೆ ಎಲ್ಲಿಯಾದರೂ ಕೆಲಸ ಸಿಕ್ಕೇ ಸಿಕ್ಕುವದು, ಸಿಕ್ಕದವನು ಸೋಮಾರಿ. ಹಾಗಾದರೆ ಭಟ್ಕಳದ ಯೌವನಸ್ಥರು ತಾಯಿತಂದೆಗಳನ್ನೂ ಹೆಂಡತಿಮಕ್ಕಳನ್ನೂ ಬಿಟ್ಟು ಕಡಲು ದಾಟಿ ಕೊಲ್ಲಿ ದೇಶಗಳಿಗೆ ದುಡಿಯಲು ಹೋಗುವದು ಸೋಮಾರಿತನದಿಂದಲೋ? ದ್ರಾಕ್ಷೇತೋಟದ ಸಾಮ್ಯವನ್ನು ನಾವೆಲ್ಲರೂ ಬಲ್ಲೆವು. ಸಂಜೆಯ ತನಕ ಪೇಟೆಯಲ್ಲಿ ನಿಂತಿದ್ದವರು ಮೈಗಳ್ಳರಲ್ಲ. ಅವರನ್ನು ಕರೆಯುವವನು ಬಂದಿರಲಿಲ್ಲ, ಅಷ್ಟೇ.

ಬೇರೆ ಕೆಲವರು, ಕೊಡುವದಕ್ಕೆ ಕೆಲಸವೆಲ್ಲಿದೆ ಎನ್ನುತ್ತಾರೆ. ಕುಮಟಾ ತಾಲೂಕಿನಲ್ಲಿ ಅಘನಾಶಿನಿ ಹೊಳೆಯು ಕಡಲನ್ನು ಸೇರುವ ಸ್ಥಳದ ಗಜನಿ ಗದ್ದೆಗಳನ್ನು ನೋಡಿರಿ. ಉಪ್ಪುನೀರನ್ನು ತಾಳಿಕೊಳ್ಳುವ ಕಗ್ಗ ಭತ್ತವನ್ನು ಹಿರಿಯರು ಅಲ್ಲಿ ಬೆಳೆಯುತ್ತಿದ್ದರು. ಒಡ್ಡು ಒಡೆದರೆ ಕಡಲ ನೀರು ನುಗ್ಗಿ ಗದ್ದೆಯು ಹಾಳುಬೀಳುತ್ತದೆ. ಅಲ್ಲಿ ಕೆಲಸವು ಕೈಗಳನ್ನು ಕಾದಿದೆ; ಇಲ್ಲಿ ಕೈಗಳು ಕೆಲಸವನ್ನು ಕಾದಿವೆ. ಇವೆರಡನ್ನೂ ಕೂಡಿಸುವ ಭಾರವು ಯಾರ ಮೇಲಿದೆ? ನಮ್ಮ ಪ್ರಶ್ನೆಯ ತಿರುಳು ಇದೇ.

ಒಂದು ಕಾಲದಲ್ಲಿ ಈ ಭಾರವನ್ನು ದಯೆಯು ಹೊತ್ತಿತು. ಮತವನ್ನು ಬದಲಿಸಿದ ಕಾರಣ ಕುಲದ ಕಸಬನ್ನು ಕಳಕೊಂಡವರಿಗೋಸ್ಕರ ಬಾಸೆಲ್ ಮಿಶನಿನವರು ಮಗ್ಗಗಳನ್ನು ಹೂಡಿಸಿದರು. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ಇದರಿಂದ ಅನೇಕ ಮನೆಗಳಲ್ಲಿ ಒಲೆ ಉರಿಯಿತು. ಆದರೆ ಮೊದಲನೆಯ ಮಹಾಯುದ್ಧದ ದೆಸೆಯಿಂದ ಆ ಉದ್ಯಮಗಳು ಮಿಶನಿನ ಕೈತಪ್ಪಿ ಬೇರೆ ಒಡೆತನಕ್ಕೆ ಹೋದವು. ದಯೆಯಿಂದ ದೊರೆತ ಕೆಲಸವು ಎಷ್ಟು ಒಳ್ಳೇದಾದರೂ ಕೊಟ್ಟ ಕೈಯು ಹಿಂದೆಗೆದಾಗ ಕೆಲಸದವನು ಅದನ್ನು ಕೇಳುವಂತಿಲ್ಲ.

ದಯೆಗಿಂತ ಗಟ್ಟಿಯಾದದ್ದು ಕಾನೂನು. ನಮ್ಮ ಸಂವಿಧಾನದ 41ನೇ ವಿಧಿಯಲ್ಲಿ, ರಾಜ್ಯವು ತನ್ನ ಆರ್ಥಿಕ ಶಕ್ತಿಯ ಮಿತಿಯೊಳಗೆ ಕೆಲಸದ ಹಕ್ಕನ್ನು ದೊರಕಿಸಬೇಕೆಂದು ಬರೆದದೆ. ಆದರೆ 37ನೇ ವಿಧಿಯು ಇಂಥ ಮಾತುಗಳನ್ನು ಯಾವ ನ್ಯಾಯಾಲಯವೂ ಜಾರಿಮಾಡಲಾಗದೆನ್ನುತ್ತದೆ. ಸಂವಿಧಾನ ಸಭೆಯ ಸಲಹೆಗಾರರಾಗಿದ್ದ, ನಮ್ಮ ಕರಾವಳಿಯ ಬೆನಗಲ್ ನರಸಿಂಗ ರಾಯರು ಹಕ್ಕುಗಳನ್ನು ಹೀಗೆ ಎರಡು ಪಾಲು ಮಾಡಲು ಸೂಚಿಸಿದ್ದರು. ಹೊಸದಾಗಿ ಸ್ವತಂತ್ರವಾದ ಬಡ ದೇಶಕ್ಕೆ ಅದು ವಿವೇಕವೇ ಆಗಿತ್ತು. ಹೀಗೆ ಕೆಲಸವು ಆಶೆಯ ಪಾಲಿಗೆ ಬಂತು, ಹಕ್ಕಿನ ಪಾಲಿಗೆ ಬರಲಿಲ್ಲ.

2005ರಲ್ಲಿ ಪಾರ್ಲಿಮೆಂಟು ಗ್ರಾಮೀಣ ಉದ್ಯೋಗ ಖಾತರಿ ಕಾನೂನನ್ನು ಮಾಡಿತು. 2008ರ ಎಪ್ರಿಲ್ 1ರಿಂದ ಅದು ನಮ್ಮ ಉತ್ತರ ಕನ್ನಡ ಜಿಲ್ಲೆಗೂ ಬಂತು. ಮನೆಯೊಂದಕ್ಕೆ ವರುಷಕ್ಕೆ 100 ದಿವಸದ ಕೆಲಸ. ಕೇಳಿದ 15 ದಿವಸಗಳೊಳಗೆ ಕೊಡದಿದ್ದರೆ ನಿರುದ್ಯೋಗ ಭತ್ಯೆ. 2025–26ರಲ್ಲಿ ಕರ್ನಾಟಕದ ದಿನಗೂಲಿಯು 370 ರೂಪಾಯಿ. ನೂರು ದಿವಸವೂ ದೊರೆತರೆ 37,000 ರೂಪಾಯಿ. ದೊಡ್ಡ ಮೊತ್ತವೇನೂ ಅಲ್ಲ. ಆದರೂ ಕೂಲಿಯವಳು ಪಂಚಾಯತಿಯ ಬಾಗಲಲ್ಲಿ ಕೈಮುಗಿಯದೆ ಅರ್ಜಿ ಹಿಡಿದು ನಿಲ್ಲುವಂತಾಯಿತು.

ಆದರೆ ಸಾಧಾರಣ ಬಹುಮತವು ಕಟ್ಟಿದ್ದನ್ನು ಸಾಧಾರಣ ಬಹುಮತವೇ ಬಿಚ್ಚಬಲ್ಲದು. 2025ರ ದಶಂಬರದಲ್ಲಿ ಪಾರ್ಲಿಮೆಂಟು ಅದರ ಸ್ಥಳದಲ್ಲಿ ಬೇರೊಂದು ಕಾನೂನನ್ನು ಅಂಗೀಕರಿಸಿತು. ದಿವಸಗಳು 125 ಆದವು, ಇದು ಹೆಚ್ಚಿಗೆಯೇ. ಆದರೆ ವೆಚ್ಚದಲ್ಲಿ 100ಕ್ಕೆ 40 ಪಾಲು ರಾಜ್ಯಗಳ ಮೇಲೆ ಬಿತ್ತು. ಬಿತ್ತನೆ ಕೊಯ್ಲುಗಳ ಕಾಲದಲ್ಲಿ ಒಟ್ಟು 60 ದಿವಸ ಕೆಲಸವನ್ನು ನಿಲ್ಲಿಸುವ ನಿಯಮವೂ ಬಂತು. ನಮ್ಮ ಕರಾವಳಿಯಲ್ಲಿ ಬಿತ್ತನೆ ನಾಟಿಗಳ ಕಾಲ ಯಾವದು? ಜೂನ್, ಜುಲೈ. ದೋಣಿಗಳು ದಡದಲ್ಲಿರುವ ಕಾಲವೂ ಅದೇ. ಇಲ್ಲಿ ಆ ದಿವಸಗಳನ್ನೇ ಆರಿಸಿ ಸಾರಿದರೆ, ಗದ್ದೆಯಿಲ್ಲದ ಮೀನುಗಾರನ ಮನೆಗೆ ಕಡಲೂ ಮುಚ್ಚಿತು, ಕೆಲಸವೂ ಮುಚ್ಚಿತು. ಆಗ ಅವನು ಯಾವ ಹಕ್ಕನ್ನು ಹಿಡಿದು ಕೇಳಬೇಕು?

ಆದದರಿಂದ ಕೆಲಸದ ಹಕ್ಕು ಸಂವಿಧಾನದ ಮೂಲಭೂತ ಹಕ್ಕುಗಳಲ್ಲಿಯೇ ಸೇರಬೇಕೆಂದು ನನ್ನ ಅಭಿಪ್ರಾಯ. ಅಲ್ಲಿ ಬರೆದದ್ದನ್ನು ಮಾರ್ಪಡಿಸಲು ಎರಡೂ ಸಭೆಗಳಲ್ಲಿ ಮತ ಕೊಡುವವರ ಮೂರರಲ್ಲಿ ಎರಡು ಪಾಲಿನ ಸಮ್ಮತಿ ಬೇಕು. ಇದು ಆಗದ ಮಾತಲ್ಲ. ವಿದ್ಯೆಯೂ ಮೊದಲು ಆಶೆಯ ಪಾಲಿನಲ್ಲಿಯೇ ಇತ್ತು. 1992ರಲ್ಲಿ ಕರ್ನಾಟಕದ ವೈದ್ಯಕೀಯ ಕಾಲೇಜೊಂದರ ಶುಲ್ಕದ ವ್ಯಾಜ್ಯದಲ್ಲಿ ಸುಪ್ರೀಂ ಕೋರ್ಟು ವಿದ್ಯೆಯು ಹಕ್ಕೆಂದು ಹೇಳಿತು; 2002ರ ತಿದ್ದುಪಡಿಯಿಂದ 6ರಿಂದ 14 ವರುಷದ ಮಕ್ಕಳಿಗೆ ಅದು ಮೂಲಭೂತ ಹಕ್ಕಾಯಿತು.

ಇದಕ್ಕೆ ಬಲವಾದ ಆಕ್ಷೇಪವೊಂದುಂಟು. ನ್ಯಾಯಾಧೀಶನು ಕೆರೆಯನ್ನು ತೋಡಲಾರನು, ಬೊಕ್ಕಸವನ್ನು ತುಂಬಲಾರನು. ಸಲ್ಲಿಸಲಾಗದ ಹಕ್ಕನ್ನು ಬರೆದರೆ ಸಂವಿಧಾನದ ಮಾತೇ ಹಗುರವಾಗದೋ? ನಿಜ, ಅಳತೆಯಿಲ್ಲದ ವಾಗ್ದಾನವು ಸುಳ್ಳಿಗೆ ಸಮೀಪ. ಆದಕಾರಣ ಪ್ರತಿಯೊಬ್ಬನಿಗೂ ಬಯಸಿದ ಉದ್ಯೋಗವೆಂದು ಬರೆಯಬಾರದು. ಇಷ್ಟು ದಿವಸದ ಕೆಲಸ, ಇಷ್ಟು ಕೂಲಿ, ಇಷ್ಟರೊಳಗೆ; ತಪ್ಪಿದರೆ ಇಷ್ಟು ಭತ್ಯೆ ಎಂಬದನ್ನು ಕಾನೂನು ಗೊತ್ತುಮಾಡಲಿ. ಕಾನೂನು ಆ ಅಳತೆಯನ್ನು ಹೆಚ್ಚಿಸಬಹುದು, ಬರಿದುಮಾಡಕೂಡದು. ಇದನ್ನು ಸಂವಿಧಾನವು ಕಾಯಲಿ.

ಹಕ್ಕಿನೊಡನೆ ಋಣವೂ ಇದೆ. ಮೈಮುರಿದು ದುಡಿಯದವನು, ದುಡಿಯದೆ ಹಾಜರಿ ಪಟ್ಟಿಯಲ್ಲಿ ಹೆಸರು ಬರೆಸುವವನು, ಬರೆಸಲು ಬಿಡುವವನು, ಇವರು ಸರಕಾರವನ್ನಲ್ಲ, ನೆರೆಮನೆಯ ಒಲೆಯನ್ನು ಕದಿಯುತ್ತಾರೆ. ಅಂಥವರನ್ನು ತೋರಿಸಿಯೇ ನಾಳೆ ಹಕ್ಕು ಬೇಡವೆನ್ನುವರು.

ಸಂವಿಧಾನವನ್ನು ತಿದ್ದುವದು ನಮ್ಮ ಕೈಯಲ್ಲಿಲ್ಲ. ಆದರೆ ಓದು ಬಲ್ಲವರು ಬರೆಯಲರಿಯದ ನೆರೆಯವಳ ಅರ್ಜಿಯನ್ನು ಬರೆದುಕೊಡಬಹುದು. ಅರ್ಜಿಯ ಮೇಲೆ ತಾರೀಖು ಇರಲಿ. ಕೊಟ್ಟದ್ದಕ್ಕೆ ರಸೀದಿಯನ್ನು ಕೇಳಿ ತೆಗೆದುಕೊಳ್ಳಲಿ. ಭಿಕ್ಷೆಗೆ ಯಾರೂ ರಸೀದಿ ಕೊಡುವದಿಲ್ಲ. ಆ ತುಂಡು ಕಾಗದವನ್ನು ಸೆರಗಿನಲ್ಲಿ ಕಟ್ಟಿಕೊಂಡು ಮನೆಗೆ ಬಂದವಳಿಗೆ, ತಾನು ಕೇಳಿದ್ದು ಏನೆಂದು ಬೇರೆ ಯಾರೂ ಕಲಿಸಬೇಕಾಗಿಲ್ಲ.