ಕೀ ಮೇಲಿನ ಸ್ಟಿಕ್ಕರ್

ಪುಟ್ಟ ಮಕ್ಕಳಿಗೆ ಅಂತ ಮಾರುವ ಕೀಬೋರ್ಡುಗಳ ಜೊತೆ ಎಷ್ಟೋ ಸಲ ಒಂದು ಸ್ಟಿಕ್ಕರ್ ಹಾಳೆಯೂ ಇರುತ್ತೆ. ಬಿಳಿ ಕೀಗಳ ಮೇಲೆ ಸಿ, ಡಿ, ಇ, ಎಫ್ ಅಂಟಿಸಿದರೆ ಮುಗೀತು. ಅರ್ಧ ಗಂಟೆಯಲ್ಲಿ ಮಗು ಒಂದು ಹಾಡಿನ ಮೊದಲ ಸಾಲು ನುಡಿಸಿಬಿಡುತ್ತೆ. ಮಾಗಡಿ ರೋಡಿನ ಟ್ರಾಫಿಕ್ ದಾಟಿ ಸುಂಕದಕಟ್ಟೆಗೆ ಬಂದು ಬೀಳುವ ನಮ್ಮಂಥ ಅಪ್ಪ-ಅಮ್ಮಂದಿರಿಗೆ ಇನ್ನೇನು ಬೇಕು? ಆದರೆ ಮಗು ಕಲಿತದ್ದು ಸ್ವರವನ್ನೋ, ಲೇಬಲ್ ಓದೋದನ್ನೋ?

ನಮ್ಮೂರಲ್ಲಿ ನನ್ನ ಹೆಸರು ಹಿಡಿದು ಕರೆಯೋರು ಕಡಿಮೆ. ಒಬ್ಬರಿಗೆ ಚಿಕ್ಕಪ್ಪ, ಇನ್ನೊಬ್ಬರಿಗೆ ಅಳಿಯ, ಮತ್ತೊಬ್ಬರಿಗೆ ಭಾವ. ನಮ್ಮ ಸ-ರಿ-ಗ-ಮ ಕೂಡ ಹಾಗೇ, ಸಂಬಂಧದ ಹೆಸರುಗಳು. 'ಇ' ಅನ್ನೋ ಕೀ ತಗೊಳ್ಳಿ. ಶ್ರುತಿ 'ಸಿ'ಯಲ್ಲಿದ್ದರೆ ಅದು ಗ, 'ಎ'ಯಲ್ಲಿದ್ದರೆ ಪ, ತನ್ನಲ್ಲೇ ಇದ್ದರೆ ಸ. ಸಿ-ಡಿ-ಇ ಮಾತ್ರ ಆಧಾರ್ ನಂಬರ್ ಇದ್ದಹಾಗೆ, ಎಲ್ಲಿ ಹೋದರೂ ಅದೇ. ನಮ್ಮ ಭಾಷೆಯಲ್ಲಿ ಹೇಳೋದಾದರೆ ಒಂದು ಆಬ್ಸೊಲ್ಯೂಟ್ ಪಾತ್, ಇನ್ನೊಂದು ರಿಲೇಟಿವ್.

ಊರಿನ ಕುರುಕ್ಷೇತ್ರ ನಾಟಕಕ್ಕೆ ಬರುತ್ತಿದ್ದ ಹಾರ್ಮೋನಿಯಂ ಮೇಷ್ಟ್ರದ್ದು ಮೂರನೇ ದಾರಿ. ಹೊಲದಿಂದ ಬಂದ ದುರ್ಯೋಧನನ ಕೈಲಿ ಒಂದು ಸಾಲು ಹಾಡಿಸಿ, 'ನಿಂದು ಕಪ್ಪು ಒಂದು ಕಣಯ್ಯ' ಅನ್ನೋರು. ಮೊದಲು ಗಂಟಲು, ಆಮೇಲೆ ಕೀ. ಆ ಕ್ರಮ ನನಗೆ ಬಹಳ ಹಿಡಿಸುತ್ತೆ.

ನನ್ನವಳು ಇದನ್ನೊಪ್ಪಲ್ಲ. ಹೆಸರು ಗೊತ್ತಿದ್ದರೆ ಮಗು ಯಾರನ್ನೂ ಕಾಯಬೇಕಿಲ್ಲ, ಹೆಸರು ಮುಚ್ಚಿಟ್ಟರೆ ಗುರುವಿನ ಬಾಲ ಹಿಡಿದೇ ಓಡಾಡಬೇಕು ಅಂತಾಳೆ. ಸುಳ್ಳಲ್ಲ. ಪುಸ್ತಕ ಓದಿಯೇ ಬಿಇ ದಾಟಿದ ನಾನು ಅಕ್ಷರವನ್ನು ಹೀಗಳೆಯೋದು ತಮಾಷೆಯಾಗುತ್ತೆ. ಹೆಸರು ಬಡವರ ಮಕ್ಕಳಿಗೂ ಬಾಗಿಲು ತೆಗೆಯುತ್ತೆ.

ಎರಡೂ ಲೋಕ ಒಂದೇ ತಲೆಯಲ್ಲಿ ಹಿಡಿಯುತ್ತೆ ಅನ್ನೋದಕ್ಕೆ ಮೈಸೂರಿನ ಜಯಚಾಮರಾಜ ಒಡೆಯರ್ ಇದ್ದಾರೆ. ಪಿಯಾನೋ ಕಲಿತವರು, ರಷ್ಯಾದ ಮೆಟ್ನರ್ ತನ್ನ ಮೂರನೇ ಪಿಯಾನೋ ಕಾನ್ಸರ್ಟೋ ಅರ್ಪಿಸಿದ್ದು ಇವರಿಗೆ. ಕರ್ನಾಟಕ ಸಂಗೀತದಲ್ಲಿ 94 ಕೃತಿ ರಚಿಸಿದವರೂ ಇವರೇ.

ಹಾಗಾಗಿ ನನ್ನ ತಕರಾರು ಹೆಸರಿನ ಮೇಲಲ್ಲ. ಕೀಬೋರ್ಡಿನಲ್ಲಿ ಟ್ರಾನ್ಸ್‌ಪೋಸ್ ಬಟನ್ ಎರಡು ಸಲ ಒತ್ತಿ ನೋಡಿ. 'ಸಿ' ಒತ್ತಿದರೆ ಕೇಳೋದು 'ಡಿ', ಸ್ಟಿಕ್ಕರ್ ಮಾತ್ರ ಸಿ ಅಂತಲೇ ಹೇಳುತ್ತಿರುತ್ತೆ. ಆಗ ಮಗು ಯಾರನ್ನು ನಂಬಬೇಕು, ಕಣ್ಣನ್ನೋ ಕಿವಿಯನ್ನೋ? ಡಾಕ್ಯುಮೆಂಟಿನಲ್ಲಿ ಒಂದು, ಕೋಡ್ ಮಾಡೋದು ಇನ್ನೊಂದು ಆದಾಗ ಡಾಕ್ಯುಮೆಂಟೇ ಸರಿ ಅಂತ ವಾದಿಸೋರ ಜೊತೆ ಮೀಟಿಂಗ್ ಮಾಡಿದವರಿಗೆ ನನ್ನ ಭಯ ಅರ್ಥವಾಗುತ್ತೆ. ಬರೆದದ್ದನ್ನು ನಂಬಿ ಕೇಳಿದ್ದನ್ನು ಬಿಡೋ ಅಭ್ಯಾಸ ಐದನೇ ವರ್ಷಕ್ಕೇ ಶುರುವಾಗೋದು ಬೇಡ.

ಅದೂ ಅಲ್ಲದೆ ಕೀಗಳಲ್ಲೇ ಗುರುತಿದೆ. ಕಪ್ಪು ಕೀಗಳು ಎರಡು, ಮೂರು, ಎರಡು, ಮೂರು ಅಂತ ಗುಂಪಾಗಿ ಕೂತಿವೆ. ಎರಡರ ಗುಂಪಿನ ಎಡಕ್ಕಿರೋ ಬಿಳಿಯದೇ ಸಿ. ಮಗಳು ಅದನ್ನ 'ಅವಳಿ-ಜವಳಿ ಪಕ್ಕದ್ಮನೆ' ಅಂತಾಳೆ. ಅದನ್ನು ಒತ್ತಿ, ಕಣ್ಮುಚ್ಚಿ, 'ಸ' ಅಂತ ಹಾಡ್ತಾಳೆ. ಆಮೇಲೆ ಇನ್ನೊಂದು ಕೀ ಒತ್ತಿ ಅದಕ್ಕೂ 'ಸ' ಅಂತಾಳೆ. ಎರಡೂ ಸರಿ.

ಮುಂದೆ ಗ್ರೇಡ್ ಪರೀಕ್ಷೆಗೆ ಕೂರಿಸೋದಾದರೆ ಸಿ-ಡಿ-ಇ ಬೇಕೇ ಬೇಕು. ಏಳೇ ಅಕ್ಷರ ತಾನೇ, ಯುಕೆಜಿಯಲ್ಲಿ ಆಗಲೇ ಇಪ್ಪತ್ತಾರು ಕಲಿತಾಗಿದೆ.